ಸುತ್ತಿಗೆ ಹುಡುಕಿದಾಗ ಸಿಕ್ಕಿದ ನಿಧಿ

ಇಂಗ್ಲೆಂಡಿನ ಸಫೊಕ್‌ನ ಹಾಕ್ಸನ್ ಎಂಬ ಹಳ್ಳಿಯಲ್ಲಿ ರೈತನೊಬ್ಬನ ಸುತ್ತಿಗೆ ಹೊಲದಲ್ಲಿ ಕಳೆದುಹೋಗಿತ್ತು. ಅದನ್ನು ಹುಡುಕಿಕೊಡಲು 1992ರ ನವೆಂಬರ್ 16ರಂದು ಗೆಳೆಯ ಎರಿಕ್ ಲಾಸ್ ಲೋಹಶೋಧಕ ಹಿಡಿದು ಹೊರಟರು. ಸಿಕ್ಕಿದ್ದು ರೋಮನ್ ಕಾಲದ ನಾಣ್ಯರಾಶಿ! ಚಿನ್ನ, ಬೆಳ್ಳಿ, ಕಂಚು ಸೇರಿ ಒಟ್ಟು 14,865 ನಾಣ್ಯಗಳು; ಜೊತೆಗೆ ಚಿನ್ನದ ಒಡವೆ, ಬೆಳ್ಳಿ ಚಮಚಗಳು. ಸುತ್ತಿಗೆಯೂ ಸಿಕ್ಕಿತು.

ಲಾಸ್ ಆಸೆಗೆ ಬಿದ್ದು ಎಲ್ಲವನ್ನೂ ಅಗೆಯಲಿಲ್ಲ, ಅಧಿಕಾರಿಗಳಿಗೆ ಸುದ್ದಿ ಮುಟ್ಟಿಸಿದರು. ಅದು ನಿಜಕ್ಕೂ ದೊಡ್ಡ ಗುಣ. ಹಾಗಾಗಿ ಯಾವ ವಸ್ತು ಯಾವುದರ ಪಕ್ಕದಲ್ಲಿತ್ತು ಎಂಬುದನ್ನು ಪುರಾತತ್ತ್ವಜ್ಞರು ದಾಖಲಿಸಿಕೊಳ್ಳಲು ಸಾಧ್ಯವಾಯಿತು. ಸರ್ಕಾರದಿಂದ ಬಹುಮಾನವಾಗಿ ಬಂದ 17.5 ಲಕ್ಷ ಪೌಂಡನ್ನು ಅವರು ರೈತನೊಂದಿಗೆ ಹಂಚಿಕೊಂಡರು.

ಬ್ರಿಟಿಷ್ ಮ್ಯೂಸಿಯಂ ಸೇರಿದ ಈ ನಿಧಿಯಲ್ಲಿ ಹೆಣ್ಣಿನ ಆಕೃತಿಯ ಬೆಳ್ಳಿ ಡಬ್ಬಿಯೊಂದಿದೆ. ತಳದ ಬಿಲ್ಲೆ ತಿರುಗಿಸಿದರೆ ಪುಡಿ ಉದುರುತ್ತಿತ್ತು: ಭಾರತದಿಂದ ಹಡಗೇರಿ ಹೋಗುತ್ತಿದ್ದ ಕಾಳುಮೆಣಸಿನದು.