ನಮ್ಮ ಖಾತೆ ಬಾಡಿಗೆಗಿಲ್ಲ

"ಉಸ್ತಾದ್, ನನ್ನ ಅಕೌಂಟಿಗೆ ಯಾರದೋ ಹಣ ಬರ್ತದೆ. ಅದನ್ನು ಅವರು ಹೇಳಿದ ಕಡೆಗೆ ಕಳಿಸಿದರೆ ಆಯ್ತು. ಲಕ್ಷಕ್ಕೆ ಎರಡು ಸಾವಿರ ನಮಗೆ. ನಾನು ಯಾರದ್ದನ್ನೂ ಕದಿಯುವುದಿಲ್ಲವಲ್ಲ, ಇದರಲ್ಲಿ ಎಂತ ತಪ್ಪು?"

ಮೊನ್ನೆ ಮಗ್ರಿಬ್ ಕಳೆದ ಮೇಲೆ ಹುಡುಗನೊಬ್ಬ ಹೀಗೆ ಕೇಳಿದ. ಒಂದು ಕಾಲದಲ್ಲಿ ನನ್ನ ತರಗತಿಯಲ್ಲಿ ಕುಳಿತವನು. ಪಿಯುಸಿ ಮುಗಿದಿದೆ, ಕೆಲಸ ಇನ್ನೂ ಸಿಕ್ಕಿಲ್ಲ. ಟೆಲಿಗ್ರಾಂನಲ್ಲಿ ಅವನಿಗೆ ಒಂದು ಮೆಸೇಜ್ ಬಂದಿತ್ತು: 'ಮನೆಯಲ್ಲೇ ಕುಳಿತು ಸಂಪಾದಿಸಿ.' ಅವರು ಕೇಳಿದ್ದು ಪಾಸ್‌ಬುಕ್, ಎಟಿಎಂ ಕಾರ್ಡ್ ಮತ್ತು ಆ ಖಾತೆಗೆ ಜೋಡಿಸಿದ ಸಿಮ್. ಮೂರೇ ವಸ್ತು.

ಬೇಡ ಅಂತ ಅಲ್ಲಿಯೇ ಹೇಳಿದೆ. ಆದರೆ ಯಾಕೆ ಬೇಡ ಎಂಬುದನ್ನು ವಿವರಿಸಲು ಆ ಹೊತ್ತು ಸಾಕಾಗಲಿಲ್ಲ. ಅದಕ್ಕೇ ಈ ಬರಹ. ಅವನ ಪ್ರಶ್ನೆಗೆ ಉತ್ತರ ನಮ್ಮೂರಿನಲ್ಲಿ ಶುರುವಾಗುವುದಿಲ್ಲ. ಸ್ವಲ್ಪ ದೂರ, ಢಾಕಾಕ್ಕೆ ಹೋಗಿ ಬರಬೇಕು.

ಕೆಟ್ಟು ನಿಂತ ಪ್ರಿಂಟರ್

2016ರ ಫೆಬ್ರವರಿ 5, ಶುಕ್ರವಾರ. ಬಾಂಗ್ಲಾದೇಶದಲ್ಲಿ ಶುಕ್ರವಾರ, ಶನಿವಾರ ವಾರದ ರಜೆ. ಆ ದೇಶದ ಕೇಂದ್ರ ಬ್ಯಾಂಕಿನಲ್ಲಿ ಒಂದು ಪ್ರಿಂಟರ್ ಕೆಟ್ಟು ನಿಂತಿತ್ತು. ವಿದೇಶಕ್ಕೆ ಹೋಗುವ ಹಣದ ಆದೇಶಗಳೆಲ್ಲ ಅದರಲ್ಲಿ ಅಚ್ಚಾಗಿ ಬರಬೇಕು. ಪ್ರಿಂಟರ್ ಅಲ್ಲವಾ, ಕೆಡುವುದು ಮಾಮೂಲು ಅಂತ ಅಲ್ಲಿದ್ದವರು ಅಷ್ಟು ತಲೆಕೆಡಿಸಿಕೊಳ್ಳಲಿಲ್ಲ.

ಅದು ತಾನಾಗಿ ಕೆಟ್ಟದ್ದಲ್ಲ. ಹಿಂದಿನ ರಾತ್ರಿ ಹ್ಯಾಕರ್‌ಗಳು ಬ್ಯಾಂಕಿನ ಕಂಪ್ಯೂಟರಿನಿಂದಲೇ ನ್ಯೂಯಾರ್ಕಿನ ಫೆಡರಲ್ ರಿಸರ್ವ್ ಬ್ಯಾಂಕಿಗೆ 35 ಆದೇಶ ಕಳಿಸಿದ್ದರು. ಬಾಂಗ್ಲಾದೇಶದ ಹಣ ಇದ್ದದ್ದು ಅಲ್ಲಿ. ಕೇಳಿದ ಮೊತ್ತ ಸುಮಾರು 95 ಕೋಟಿ ಡಾಲರ್. ಬ್ಯಾಂಕಿನವರಿಗೆ ಬೇಗ ಗೊತ್ತಾಗಬಾರದೆಂದು ಪ್ರಿಂಟರನ್ನೂ ಅವರೇ ನಿಲ್ಲಿಸಿದ್ದರು. ಒಳಗೆ ನುಗ್ಗಿದ್ದು ಅದಕ್ಕೂ ಒಂದು ವರ್ಷ ಮೊದಲು, ಕೆಲಸ ಕೇಳಿಕೊಂಡು ಬಂದ ಸಾಧಾರಣ ಇಮೇಲ್ ಒಂದರ ಮೂಲಕ. ಅದರಲ್ಲಿದ್ದದ್ದನ್ನು ಯಾರೋ ತೆರೆದರು, ಅಷ್ಟೇ.

30 ಆದೇಶಗಳು ನ್ಯೂಯಾರ್ಕಿನಲ್ಲೇ ತಡೆಯಲ್ಪಟ್ಟವು. ಐದು ದಾಟಿದವು. ಶ್ರೀಲಂಕಾಕ್ಕೆ ಹೊರಟಿದ್ದ 2 ಕೋಟಿ ಡಾಲರ್ ವಾಪಸ್ ಸಿಕ್ಕಿತು. 'ಫೌಂಡೇಶನ್' ಎಂಬ ಪದವನ್ನು ಕಳ್ಳರು ತಪ್ಪಾಗಿ ಬರೆದಿದ್ದರಿಂದ ಸಂಶಯ ಬಂದು ಹಣ ನಿಂತಿತು. ಉಳಿದ 8.1 ಕೋಟಿ ಡಾಲರ್, ಅಂದರೆ ಆಗಿನ ಲೆಕ್ಕದಲ್ಲಿ ಸುಮಾರು 550 ಕೋಟಿ ರೂಪಾಯಿ, ಫಿಲಿಪ್ಪೀನ್ಸ್ ತಲುಪಿತು.

ಕಂಪ್ಯೂಟರಿನಲ್ಲಿ ಕದ್ದ ಹಣ ಕೈಗೆ ಬರಬೇಕಾದರೆ ಎಲ್ಲಿಯಾದರೂ ಇಳಿಯಬೇಕು. ಅದಕ್ಕಾಗಿ ಮನಿಲಾದ ಒಂದು ಬ್ಯಾಂಕ್ ಶಾಖೆಯಲ್ಲಿ 2015ರ ಮೇ ತಿಂಗಳಲ್ಲೇ ನಕಲಿ ಗುರುತಿನ ಮೇಲೆ ಖಾತೆಗಳನ್ನು ತೆರೆದಿಡಲಾಗಿತ್ತು. ತಲಾ 500 ಡಾಲರ್ ಹಾಕಿ, ತಿಂಗಳುಗಟ್ಟಲೆ ಮುಟ್ಟದೆ ಬಿಟ್ಟಿದ್ದರು. ಢಾಕಾದಿಂದ 'ಹಣ ತಡೆಯಿರಿ' ಎಂಬ ಸಂದೇಶ ಹೋದಾಗ ಅಲ್ಲಿ ಚೀನೀ ಹೊಸ ವರ್ಷದ ರಜೆ. ರಜೆ ಮುಗಿಯುವುದರೊಳಗೆ, ಮುಗಿದ ಕೂಡಲೇ, ಹಣ ಕ್ಯಾಸಿನೊ ಸೇರಿತು. ಅದರಲ್ಲಿ ಬಾಂಗ್ಲಾದೇಶಕ್ಕೆ ವಾಪಸ್ ಸಿಕ್ಕಿದ್ದು ಸಣ್ಣ ಪಾಲು. ಆ ಶಾಖೆಯ ಮ್ಯಾನೇಜರ್‌ಗೆ 2019ರಲ್ಲಿ ಅಲ್ಲಿನ ನ್ಯಾಯಾಲಯ ಜೈಲು ಶಿಕ್ಷೆ ವಿಧಿಸಿತು.

ಕದ್ದದ್ದು ಯಾರು? 2018ರಲ್ಲಿ ಅಮೆರಿಕ ಉತ್ತರ ಕೊರಿಯಾದ ಪ್ರಜೆಯೊಬ್ಬನ ಮೇಲೆ ಆರೋಪ ಹೊರಿಸಿತು. ಅವನು ಆ ದೇಶದ ಸರ್ಕಾರಕ್ಕಾಗಿ ಕೆಲಸ ಮಾಡುವ ಹ್ಯಾಕರ್ ತಂಡದವನು ಎಂಬುದು ಅಮೆರಿಕದ ಮಾತು. ಈ ತಂಡವನ್ನು ಜಗತ್ತು 'ಲಾಜರಸ್' ಎಂದು ಕರೆಯುತ್ತದೆ. ಉತ್ತರ ಕೊರಿಯಾ ಎಲ್ಲವನ್ನೂ ನಿರಾಕರಿಸಿದೆ. ಹೀಗೆ ಕದ್ದ ಹಣ ಆ ದೇಶದ ಕ್ಷಿಪಣಿ, ಅಣ್ವಸ್ತ್ರ ಕಾರ್ಯಕ್ರಮಕ್ಕೆ ಹೋಗುತ್ತದೆ ಎಂದು ವಿಶ್ವಸಂಸ್ಥೆಯ ತಜ್ಞರ ಸಮಿತಿ ವರದಿ ಮಾಡಿದೆ.

ಕೊಲ್ಹಾಪುರದ ಎಟಿಎಂ

ಇದೆಲ್ಲ ದೂರದ ಕಥೆ ಅಂತ ಅನ್ನಿಸಿದರೆ ನಮ್ಮ ಪಕ್ಕದ ರಾಜ್ಯಕ್ಕೇ ಬರೋಣ. 2018ರ ಆಗಸ್ಟ್ 11, ಶನಿವಾರ. ಪುಣೆಯ ಕಾಸ್ಮೋಸ್ ಸಹಕಾರಿ ಬ್ಯಾಂಕಿನ ವ್ಯವಸ್ಥೆಯೊಳಗೆ ಹ್ಯಾಕರ್‌ಗಳು ಹೊಕ್ಕರು. ನಕಲಿ ಕಾರ್ಡ್ ಹಾಕಿದರೂ ಎಟಿಎಂಗೆ 'ಸರಿ, ಹಣ ಕೊಡು' ಎಂಬ ಉತ್ತರ ಹೋಗುವಂತೆ ಮಾಡಿದರು. ಕೆಲವೇ ಗಂಟೆಗಳಲ್ಲಿ 28 ದೇಶಗಳ ಎಟಿಎಂಗಳಿಂದ ಸುಮಾರು 78 ಕೋಟಿ ರೂಪಾಯಿ ಹೊರಬಿತ್ತು. ಭಾರತದೊಳಗಿನ ಎಟಿಎಂಗಳಿಂದ ಸುಮಾರು ಎರಡೂವರೆ ಕೋಟಿ. ಎರಡು ದಿನ ಬಿಟ್ಟು ಇನ್ನೂ ಸುಮಾರು 14 ಕೋಟಿ ಹಾಂಕಾಂಗಿನ ಖಾತೆಯೊಂದಕ್ಕೆ ಹೋಯಿತು. ಒಟ್ಟು 94 ಕೋಟಿ. ವಿಶ್ವಸಂಸ್ಥೆಯ ತಜ್ಞರು ಇದರಲ್ಲಿಯೂ ಉತ್ತರ ಕೊರಿಯಾದ ಕೈ ಕಂಡರು.

ಪ್ಯೋಂಗ್ಯಾಂಗಿನಲ್ಲಿ ಕುಳಿತವನು ಕೊಲ್ಹಾಪುರದ ಎಟಿಎಂಗೆ ಬಂದು ಹಣ ತೆಗೀಲಿಕ್ಕೆ ಆಗ್ತದಾ? ಇಲ್ಲ. ತೆಗೆದದ್ದು ನಮ್ಮ ದೇಶದ ಹುಡುಗರೇ. ಕಮಿಷನ್ ಸಿಗ್ತದೆ ಅಂತ ಕಾರ್ಡ್ ಹಿಡಿದು ಎಟಿಎಂನಿಂದ ಎಟಿಎಂಗೆ ಓಡಿದವರು. 2023ರಲ್ಲಿ ಪುಣೆಯ ನ್ಯಾಯಾಲಯ ಅವರಲ್ಲಿ 11 ಮಂದಿಯನ್ನು ತಪ್ಪಿತಸ್ಥರೆಂದು ತೀರ್ಪು ಕೊಟ್ಟು ಜೈಲಿಗೆ ಕಳಿಸಿತು. ಮೇಲೆ ಕುಳಿತ ಹ್ಯಾಕರ್‌ನ ಕೂದಲೂ ಕೊಂಕಲಿಲ್ಲ. ಸಿಕ್ಕಿಬಿದ್ದದ್ದು ಕೆಳಗೆ ನಿಂತವರು.

ಈಗ ಬ್ಯಾಂಕಿಗಿಂತ ಕ್ರಿಪ್ಟೊ ಕಡೆಗೆ ಅವರ ಕಣ್ಣು. 2024ರ ಜುಲೈಯಲ್ಲಿ ಭಾರತದ ವಝೀರ್‌ಎಕ್ಸ್‌ನಿಂದ ಸುಮಾರು 23 ಕೋಟಿ ಡಾಲರ್ ಹೋಯಿತು. ಹಣ ಹಾಕಿದ ಸಾಮಾನ್ಯ ಜನ ತಿಂಗಳುಗಟ್ಟಲೆ ಕಾದು ಕುಳಿತರು. 2025ರ ಫೆಬ್ರವರಿಯಲ್ಲಿ ದುಬೈಯ ಬೈಬಿಟ್‌ನಿಂದ ಸುಮಾರು 150 ಕೋಟಿ ಡಾಲರ್ ಹೋಯಿತು. ಎರಡನ್ನೂ ಉತ್ತರ ಕೊರಿಯಾದ ಹ್ಯಾಕರ್‌ಗಳ ಕೆಲಸ ಎಂದು ಅಮೆರಿಕ ಹೇಳಿದೆ.

ದೊಡ್ಡ ಕಳ್ಳನೂ ಸಣ್ಣ ಕಳ್ಳನೂ ಒಂದೇ ದಾರಿಯಲ್ಲಿ

ನಮ್ಮ ಮನೆಗಳಿಗೆ ಬರುವ ಫೋನು ಉತ್ತರ ಕೊರಿಯಾದ್ದಲ್ಲ, ನಿಜ. 'ನಿಮ್ಮ ಪಾರ್ಸೆಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನಾನು ಸಿಬಿಐ ಅಧಿಕಾರಿ' ಎಂದು ವಾಟ್ಸ್‌ಆಪ್ ವೀಡಿಯೊದಲ್ಲಿ ಯೂನಿಫಾರಂ ಹಾಕಿ ಕುಳಿತು ಹೆದರಿಸುವುದು ಕ್ರಿಮಿನಲ್ ಗ್ಯಾಂಗ್‌ಗಳು. ಇವುಗಳಲ್ಲಿ ಬಹಳಷ್ಟು ಮ್ಯಾನ್ಮಾರ್, ಕಾಂಬೋಡಿಯಾ, ಲಾವೋಸ್‌ನ ಗೋಡೆ ಕಟ್ಟಿದ ಕಾಂಪೌಂಡ್‌ಗಳಲ್ಲಿ ನಡೆಯುತ್ತವೆ. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸ, ಒಳ್ಳೆಯ ಸಂಬಳ ಎಂದು ನಂಬಿ ಹೋದ ನಮ್ಮ ದೇಶದ ಹುಡುಗರನ್ನೇ ಅಲ್ಲಿ ಕೂಡಿಹಾಕಿ ಫೋನ್ ಮಾಡಿಸುತ್ತಾರೆ. 2025ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ ವಾಯುಪಡೆಯ ಎರಡು ವಿಮಾನಗಳಲ್ಲಿ ಅಂಥ 549 ಮಂದಿಯನ್ನು ಕರೆತಂದಿತು. ಗಲ್ಫ್ ಬಿಟ್ಟು ಪೂರ್ವದ ಕಡೆಗೆ ಮಗನನ್ನು ಕಳಿಸುವ ಮುಂಚೆ ಯಾವ ಕಂಪೆನಿ, ಯಾವ ವೀಸಾ ಎಂದು ಹತ್ತು ಸಲ ವಿಚಾರಿಸಬೇಕಾದ ಕಾಲ ಇದು.

ಆದರೆ ಹಣ ಬಚ್ಚಿಡುವ ದಾರಿಯಲ್ಲಿ ಇಬ್ಬರೂ ಸೇರುತ್ತಾರೆ. ಕಾಂಬೋಡಿಯಾದ 'ಹುಯಿಯೋನ್' ಎಂಬ ಸಂಸ್ಥೆ 2021ರಿಂದ 2025ರ ಆರಂಭದವರೆಗೆ ಕನಿಷ್ಠ 400 ಕೋಟಿ ಡಾಲರ್ ಕಪ್ಪು ಹಣವನ್ನು ಬಿಳಿ ಮಾಡಿದೆ ಎಂದು ಅಮೆರಿಕದ ಖಜಾನೆ ಇಲಾಖೆ 2025ರ ಮೇಯಲ್ಲಿ ಹೇಳಿತು. ಅದರಲ್ಲಿ ಉತ್ತರ ಕೊರಿಯಾದ ಹ್ಯಾಕರ್‌ಗಳು ಕದ್ದ ಹಣವೂ ಇತ್ತು, ಸಾಮಾನ್ಯ ಜನರಿಗೆ ಫೋನಿನಲ್ಲಿ ಮೋಸ ಮಾಡಿ ಕಿತ್ತ ಹಣವೂ ಇತ್ತು.

ನಮ್ಮ ದೇಶದ ಲೆಕ್ಕ ನೋಡಿ. 2024ರಲ್ಲಿ ಸೈಬರ್ ವಂಚನೆಯಲ್ಲಿ ಜನ ಕಳೆದುಕೊಂಡದ್ದು ಸುಮಾರು 22,845 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರ ಸಂಸತ್ತಿಗೆ ತಿಳಿಸಿದೆ. ಹಿಂದಿನ ವರ್ಷ ಅದು ಏಳೂವರೆ ಸಾವಿರ ಕೋಟಿಯ ಹತ್ತಿರ ಇತ್ತು. ಒಂದೇ ವರ್ಷದಲ್ಲಿ ಮೂರು ಪಟ್ಟು. ಇಷ್ಟು ಹಣವೂ ಯಾರದೋ ಹೆಸರಿನ ಖಾತೆಯ ಮೂಲಕವೇ ದಾಟಬೇಕು. ಹೆದರಿದ ಮುದುಕಿಯೊಬ್ಬರು ಕಳಿಸಿದ ಹತ್ತು ಲಕ್ಷ ಮೊದಲು ಒಂದು ಖಾತೆಗೆ ಬರುತ್ತದೆ. ಹತ್ತು ನಿಮಿಷದಲ್ಲಿ ಐದು ಖಾತೆಗೆ, ಅಲ್ಲಿಂದ ಇಪ್ಪತ್ತು ಖಾತೆಗೆ ಹಂಚಿಹೋಗುತ್ತದೆ. ಕೊನೆಗೆ ಎಟಿಎಂನಲ್ಲಿ ನೋಟಾಗಿ ಅಥವಾ ಕ್ರಿಪ್ಟೊ ಆಗಿ ಕಾಣೆಯಾಗುತ್ತದೆ. ಇಂಥ ಖಾತೆಗಳಿಗೆ ಪೊಲೀಸರು 'ಮ್ಯೂಲ್ ಅಕೌಂಟ್' ಅನ್ನುತ್ತಾರೆ. ಮ್ಯೂಲ್ ಅಂದರೆ ಹೇಸರಗತ್ತೆ. ಯಾರದೋ ಹೊರೆ ಹೊರುವ ಪ್ರಾಣಿ, ಒಳಗೆ ಏನಿದೆ ಎಂದು ಅದಕ್ಕೆ ಗೊತ್ತಿಲ್ಲ.

ಹುಡುಗನ ಪ್ರಶ್ನೆಗೆ ಉತ್ತರ ಇಲ್ಲಿದೆ. ಹ್ಯಾಕಿಂಗ್ ಕಲಿತವರು ಎಲ್ಲೆಲ್ಲೂ ಇದ್ದಾರೆ, ಹೆದರಿಸುವವರೂ ಇದ್ದಾರೆ. ಅವರ ಹತ್ತಿರ ಇಲ್ಲದ್ದು ಒಂದೇ: ನಮ್ಮ ಹೆಸರಿನ ಖಾತೆ. ಅದನ್ನು ಕೊಟ್ಟವನು 'ನಾನು ಕದ್ದಿಲ್ಲ' ಅನ್ನುವ ಹಾಗಿಲ್ಲ. ಕದ್ದವನಿಗೆ ಬಾಗಿಲು ತೆರೆದು ಹಿಡಿದವನು ಅವನೇ.

ಕೊಟ್ಟವನಿಗೆ ಏನಾಗುತ್ತದೆ?

ಮೊದಲು ಖಾತೆ ಫ್ರೀಜ್ ಆಗುತ್ತದೆ. ಗಲ್ಫಿನಿಂದ ಉಪ್ಪ ಕಳಿಸಿದ ಮನೆ ಖರ್ಚಿನ ಹಣ ಅದೇ ಖಾತೆಯಲ್ಲಿದ್ದರೆ ಅದೂ ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ನೋಟಿಸ್. ದೂರು ಕೊಟ್ಟವರು ಹೈದರಾಬಾದಿನವರಾದರೆ ನೋಟಿಸ್ ಬರುವುದೂ ಅಲ್ಲಿಂದ, ಗುಜರಾತಿನವರಾದರೆ ಅಲ್ಲಿಂದ. ವಕೀಲರು, ರೈಲು, ಲಾಡ್ಜ್ ಎಂದು ಓಡಾಡುವ ಖರ್ಚು ಸಿಕ್ಕಿದ ಕಮಿಷನ್‌ಗಿಂತ ಎಷ್ಟೋ ಪಾಲು ಹೆಚ್ಚು. ವೇಷ ಮರೆಸಿ ಆನ್‌ಲೈನ್‌ನಲ್ಲಿ ವಂಚಿಸುವುದಕ್ಕೆ ಐಟಿ ಕಾಯ್ದೆಯ 66ಡಿ ಕಲಂನಲ್ಲಿ ಮೂರು ವರ್ಷದವರೆಗೆ ಸಜೆ ಇದೆ. ಭಾರತೀಯ ನ್ಯಾಯ ಸಂಹಿತೆಯ ವಂಚನೆಯ ಕಲಂ 318(4)ರಲ್ಲಿ ಏಳು ವರ್ಷದವರೆಗೆ. ಕೇಸು ಬಾಕಿ ಇದ್ದರೆ ಪಾಸ್‌ಪೋರ್ಟಿಗೂ ತೊಡಕು. ಗಲ್ಫ್ ಕನಸು ಕಾಣುವ ಹುಡುಗನಿಗೆ ಇದಕ್ಕಿಂತ ದೊಡ್ಡ ಪೆಟ್ಟು ಎಂತ ಉಂಟು?

ಈಗಾಗಲೇ ಗಲ್ಫಿನಲ್ಲಿರುವವರೂ ಎಚ್ಚರವಾಗಿರಬೇಕು. ರೂಂಮೇಟ್ ಕೇಳಿದ ಅಂತ ನಮ್ಮ ಹೆಸರಿನ ಸಿಮ್ಮೋ ಬ್ಯಾಂಕ್ ಕಾರ್ಡೋ ಕೊಡ್ಲಿಕ್ಕೆ ಹೋಗಬೇಡಿ. ಯುಎಇಯಲ್ಲಿ ಸೈಬರ್ ಅಪರಾಧಕ್ಕೆಂದೇ 2021ರ ಕಟ್ಟುನಿಟ್ಟಿನ ಕಾನೂನು ಇದೆ. ಅಲ್ಲಿ ಸಜೆಯಾದರೆ ಅದರ ಜೊತೆಗೆ ಗಡೀಪಾರೂ ಆಗಬಹುದು.

ಮನೆಯಲ್ಲಿ ಕುಳಿತು ಮಾತಾಡಿಕೊಳ್ಳಬೇಕಾದದ್ದು

ಒಂದು, ಡಿಜಿಟಲ್ ಅರೆಸ್ಟ್ ಎಂಬುದು ನಮ್ಮ ಕಾನೂನಿನಲ್ಲಿ ಇಲ್ಲವೇ ಇಲ್ಲ. ಪೊಲೀಸರಾಗಲಿ ಸಿಬಿಐ ಆಗಲಿ ವೀಡಿಯೊ ಕಾಲ್‌ನಲ್ಲಿ ಬಂಧಿಸುವುದಿಲ್ಲ, ಹಣ 'ಪರಿಶೀಲನೆ'ಗೆ ಕಳಿಸಿ ಅನ್ನುವುದಿಲ್ಲ. ಗಂಡಸರೆಲ್ಲ ಹೊರದೇಶದಲ್ಲಿದ್ದು ಉಮ್ಮ ಒಬ್ಬರೇ ಇರುವ ಮನೆಗಳು ನಮ್ಮಲ್ಲಿ ಜಾಸ್ತಿ. ಅಂಥ ಕಾಲ್ ಬಂದರೆ ಕಟ್ ಮಾಡಿ ಪಕ್ಕದ ಮನೆಯವರನ್ನು ಕರೆಯಿರಿ ಎಂದು ಅವರಿಗೆ ಈಗಲೇ ಹೇಳಿಡಿ. 'ಯಾರಿಗೂ ಹೇಳಬೇಡಿ' ಅಂತ ಫೋನಿನಲ್ಲಿ ಹೇಳಿದರೆ ಅದೇ ಮೋಸದ ಗುರುತು.

ಎರಡು, ವಾಟ್ಸ್‌ಆಪ್‌ನಲ್ಲಿ ಮದುವೆ ಕಾಗದವೋ ಆರ್‌ಟಿಒ ದಂಡದ ಚಲನ್ನೋ ಬಂದು, ಫೈಲಿನ ಹೆಸರು 'ಎಪಿಕೆ' ಎಂದು ಮುಗಿದರೆ ಮುಟ್ಟಬೇಡಿ. ಅದು ಕಾಗದ ಅಲ್ಲ, ಆಪ್. ಒಳಗೆ ಹೊಕ್ಕರೆ ನಿಮ್ಮ ಒಟಿಪಿ ಓದುತ್ತದೆ. ಪರಿಚಯದ ನಂಬರಿನಿಂದ ಬಂದರೂ ನಂಬಬೇಡಿ, ಅವರ ವಾಟ್ಸ್‌ಆಪೇ ಹ್ಯಾಕ್ ಆಗಿರಬಹುದು. ಢಾಕಾದ ಬ್ಯಾಂಕಿಗೂ ಕಳ್ಳ ಹೊಕ್ಕದ್ದು ಹೀಗೇ, ಸುಮ್ಮನೆ ಬಂದ ಒಂದು ಕಾಗದದ ಮೂಲಕ.

ಮೂರು, ಅರ್ಜೆಂಟ್ ಹಣ ಬೇಕು ಅಂತ ಅಳಿಯನ ನಂಬರಿನಿಂದ ಮೆಸೇಜ್ ಬಂದರೆ ಅವನಿಗೇ ಫೋನ್ ಮಾಡಿ, ದನಿ ಕೇಳಿ, ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಮಾತು ಕೇಳಿ. ಸುದ್ದಿ ಬಂದ ಕೂಡಲೇ ನಂಬದೆ ವಿಚಾರಿಸಿ ನೋಡಬೇಕೆಂದು ಮದ್ರಸದಲ್ಲಿ ಮಕ್ಕಳಿಗೆ ಕಲಿಸುತ್ತೇವೆ. ದೊಡ್ಡವರಿಗೂ ಅದೇ ಪಾಠ.

ನಾಲ್ಕು, ಸಂಚಾರ್ ಸಾಥಿ ಎಂಬ ಸರ್ಕಾರಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇದೆ ಎಂದು ನೋಡಬಹುದು. ನಿಮಗೆ ಗೊತ್ತಿಲ್ಲದ ನಂಬರ್ ಕಂಡರೆ ಅಲ್ಲಿಯೇ ದೂರು ಹಾಕಿ.

ಐದು, ಹಣ ಹೋದರೆ ನಾಚಿಕೆ ಬಿಟ್ಟು ತಕ್ಷಣ 1930ಕ್ಕೆ ಫೋನ್ ಮಾಡಿ. ಆಮೇಲೆ ಬ್ಯಾಂಕಿಗೆ ತಿಳಿಸಿ, ನಂತರ ಹತ್ತಿರದ ಸೆನ್ ಪೊಲೀಸ್ ಠಾಣೆಗೆ ಹೋಗಿ. ಮೊದಲ ಒಂದೆರಡು ಗಂಟೆಯಲ್ಲಿ ತಿಳಿಸಿದರೆ ಹಣ ಇನ್ನೂ ಯಾವುದಾದರೂ ಖಾತೆಯಲ್ಲಿ ನಿಂತಿರಬಹುದು, ಅಲ್ಲಿಯೇ ತಡೆಯಬಹುದು. ರಿಸರ್ವ್ ಬ್ಯಾಂಕ್ 2017ರಲ್ಲಿ ಹೊರಡಿಸಿದ ನಿಯಮದ ಪ್ರಕಾರ, ಒಟಿಪಿ ನಾವೇ ಕೊಟ್ಟಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ನಮ್ಮದು. ತಿಳಿಸಿದ ಮೇಲೆ ಆಗುವ ನಷ್ಟ ಬ್ಯಾಂಕಿನದು. ಹಾಗಾಗಿ ಒಂದೊಂದು ನಿಮಿಷಕ್ಕೂ ಬೆಲೆ ಉಂಟು.

ಆ ಇಬ್ಬರಿಗೆ

ಇಷ್ಟೂ ಮಾತನ್ನು ಮತ್ತೊಂದು ದಿನ ಆ ಹುಡುಗನಿಗೆ ಕೂರಿಸಿ ಹೇಳಿದೆ. ಅವನು ಆ ನಂಬರನ್ನು ಬ್ಲಾಕ್ ಮಾಡಿದ. ಹೊರಡುವಾಗ ತಲೆ ತಗ್ಗಿಸಿ ಒಂದು ಮಾತು ಹೇಳಿದ: "ಉಸ್ತಾದ್, ನಮ್ಮ ಸೆಟ್‌ನಲ್ಲಿ ಇಬ್ಬರು ಆಗಲೇ ಕೊಟ್ಟಾಗಿದೆ."

ಆ ಇಬ್ಬರು ಯಾರೆಂದು ನಾನು ಕೇಳಲಿಲ್ಲ. ಅವರ ಮನೆಯವರು ಇದನ್ನು ಓದುತ್ತಿರಬಹುದು. ಹಾಗಿದ್ದರೆ ಮಗನಿಗೆ ಬೈದು ಸುಮ್ಮನಾಗಬೇಡಿ, ಹೆದರಿ ಮುಚ್ಚಿಡಲೂಬೇಡಿ. ನಾಳೆ ಬೆಳಿಗ್ಗೆ ಅವನ ಜೊತೆ ಬ್ಯಾಂಕಿಗೆ ಹೋಗಿ. ಕಾರ್ಡ್ ಬ್ಲಾಕ್ ಮಾಡಿಸಿ, ಕೊಟ್ಟ ಸಿಮ್ ನಿಲ್ಲಿಸಿ, ನಡೆದದ್ದನ್ನು ಬರವಣಿಗೆಯಲ್ಲಿ ಕೊಟ್ಟು ಸಹಿ ಹಾಕಿಸಿಕೊಳ್ಳಿ. ಖಾತೆಯಲ್ಲಿ ಯಾರದೋ ಹಣ ಇದ್ದರೆ ಅದನ್ನು ಮುಟ್ಟಬೇಡಿ, ಯಾರಿಗೂ ಕಳಿಸಬೇಡಿ. ಅವರ ಜೊತೆ ನಡೆದ ಮೆಸೇಜ್‌ಗಳನ್ನು ಅಳಿಸದೆ ಇಟ್ಟುಕೊಂಡು, ಗೊತ್ತಿರುವ ವಕೀಲರೊಬ್ಬರನ್ನು ಕರೆದುಕೊಂಡು ಠಾಣೆಗೆ ಹೋಗಿ. ಪೊಲೀಸರು ಮನೆಗೆ ಬರುವುದಕ್ಕಿಂತ ನಾವೇ ಮೊದಲು ಹೋಗಿ ಹೇಳುವುದು ಎಷ್ಟೋ ಮೇಲು.

ಆ ಖಾತೆಗೆ ಬಂದ ಹಣ ಎಲ್ಲಿಯೋ ಒಬ್ಬ ಉಮ್ಮ ಹೆದರಿ ನಡುಗುವ ಕೈಯಲ್ಲಿ ಕಳಿಸಿದ್ದು ಎಂಬುದನ್ನೂ ಮಗನಿಗೆ ಹೇಳಿ. ಅವನಿಗೆ ಅದು ಅರ್ಥವಾಗುತ್ತದೆ. ನಮ್ಮ ಮಕ್ಕಳು ಕೆಟ್ಟವರಲ್ಲ. ಅವರಿಗೆ ಇದನ್ನು ಮೊದಲೇ ಹೇಳಿಕೊಟ್ಟವರು ಇರಲಿಲ್ಲ, ಅಷ್ಟೇ.