ಎಸ್ಸೆಸ್ಸೆಲ್ಸಿ ಉಡುಗೊರೆ: ನಾವು ನಂಬಿರುವುದೇನು, ನಿಜವೇನು?

ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ನಮ್ಮ ಶಿಕಾರಿಪುರ ತಾಲ್ಲೂಕಿನ ಉಡುತಡಿಯಂಥ ಊರಿನಲ್ಲಿ ಯಾರ ಮಗಳಿಗೆ ಎಷ್ಟು ಬಂತು, ಯಾರ ಮಗ ಪಾಸಾದ ಎಂಬುದು ಸಂಜೆಯೊಳಗೆ ಮನೆಮನೆಗೂ ಗೊತ್ತಾಗಿರುತ್ತದೆ. 625ಕ್ಕೆ ಎಷ್ಟು ಎಂಬ ಮಾತು ಮುಗಿಯುತ್ತಿದ್ದಂತೆ ಶಿರಾಳಕೊಪ್ಪದ ಸೋದರಮಾವನಿಂದ ಹಿಡಿದು ಸೊರಬದ ಚಿಕ್ಕಮ್ಮನವರೆಗೆ ಎಲ್ಲರಿಗೂ ಒಂದೇ ಯೋಚನೆ: ಏನು ಕೊಡಿಸುವುದು? ಪ್ರೀತಿಗೇನೂ ಕೊರತೆಯಿಲ್ಲ. ಆದರೆ ಬಾಯಿಂದ ಬಾಯಿಗೆ ಬಂದ ಕೆಲವು ತಪ್ಪು ತಿಳಿವಳಿಕೆಗಳು ಆ ಪ್ರೀತಿಯನ್ನು ದಾರಿ ತಪ್ಪಿಸುತ್ತವೆ.

“ಕರೆಂಟ್ ಸ್ಕೂಟರ್‌ಗೆ ಲೈಸೆನ್ಸ್ ಬೇಡ, ಧಾರಾಳವಾಗಿ ಕೊಡಿಸಬಹುದು”

ಎಲ್ಲಕ್ಕಿಂತ ಅಪಾಯದ ನಂಬಿಕೆ ಇದು. ಲೈಸೆನ್ಸೂ ನೋಂದಣಿಯೂ ಬೇಡವಾಗಿರುವುದು ಮೋಟಾರಿನ ಶಕ್ತಿ 250 ವ್ಯಾಟ್ ಮತ್ತು ವೇಗ ಗಂಟೆಗೆ 25 ಕಿ.ಮೀ. ದಾಟದ ಗಾಡಿಗಳಿಗೆ ಮಾತ್ರ. ಅದಕ್ಕಿಂತ ಜೋರಾಗಿ ಓಡುವುದಕ್ಕೆ ಪೆಟ್ರೋಲ್ ಸ್ಕೂಟರಿನ ಹಾಗೆಯೇ ನಂಬರ್ ಪ್ಲೇಟೂ ಬೇಕು, ಲೈಸೆನ್ಸೂ ಬೇಕು. ಹದಿನಾರು ತುಂಬಿದರೆ ಲೈಸೆನ್ಸ್ ಸಿಗುತ್ತದಲ್ಲ ಎನ್ನುವವರಿದ್ದಾರೆ. ಸಿಗುತ್ತದೆ ನಿಜ, ಆದರೆ 50 ಸಿಸಿ ದಾಟದ ಗಾಡಿಗೆ ಮಾತ್ರ. ನಮ್ಮ ಗದ್ದೆ ಬದುವಿನ ಮೇಲೂ ಓಡುವ ಟಿವಿಎಸ್ ಎಕ್ಸ್‌ಎಲ್ ಕೂಡ ಈಗ ಸುಮಾರು 100 ಸಿಸಿ.

2019ರಲ್ಲಿ ಮೋಟಾರು ವಾಹನ ಕಾಯ್ದೆಗೆ 199ಎ ಎಂಬ ಕಲಂ ಸೇರಿದೆ. ಹದಿನೆಂಟು ತುಂಬದವರು ಗಾಡಿ ಓಡಿಸಿ ತಪ್ಪು ಮಾಡಿದರೆ ಹೊಣೆ ಪೋಷಕರ ಅಥವಾ ಗಾಡಿಯ ಮಾಲೀಕರ ಮೇಲೆ. ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ, ಹನ್ನೆರಡು ತಿಂಗಳು ಗಾಡಿಯ ನೋಂದಣಿ ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಹಳ್ಳಿ ರಸ್ತೆಯಲ್ಲಿ ಯಾರು ಹಿಡಿಯುತ್ತಾರೆ ಎಂದು ಕೇಳುವ ಮಾವಂದಿರು ಸುಗ್ಗಿಯಲ್ಲಿ ರಸ್ತೆಗೇ ಹರವಿದ ಮೆಕ್ಕೆಜೋಳವನ್ನೂ, ಹಿಂದೆ ದೀಪವಿಲ್ಲದೆ ಹೋಗುವ ಟ್ರ್ಯಾಕ್ಟರ್ ಟ್ರೇಲರನ್ನೂ ಒಮ್ಮೆ ನೆನೆಯಲಿ. ಆ ಕತ್ತಲಿಗೆ ಹದಿನಾರರ ಹುಡುಗನನ್ನು ಕಳಿಸುವ ಉಡುಗೊರೆ ಬೇಡವೇ ಬೇಡ.

“ಇಷ್ಟು ಪರ್ಸೆಂಟ್ ತೆಗೆದರೆ ಮೊಬೈಲ್ ಎಂದರೆ ಚೆನ್ನಾಗಿ ಓದುತ್ತಾರೆ”

ಅಮೆರಿಕದಲ್ಲಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದ ಪ್ರಯೋಗ ಈ ವಿಷಯದಲ್ಲಿ ಪ್ರಸಿದ್ಧ. ಚಿತ್ರ ಬರೆಯುವುದೆಂದರೆ ಇಷ್ಟವಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಪ್ರಶಸ್ತಿಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರ ಕಳೆದು ನೋಡಿದರೆ ಆ ಮಕ್ಕಳು ಚಿತ್ರ ಬರೆಯುವ ಹೊತ್ತು ಉಳಿದವರ ಅರ್ಧಕ್ಕೆ ಇಳಿದಿತ್ತು. ಮುನ್ಸೂಚನೆಯಿಲ್ಲದೆ ಅದೇ ಪ್ರಶಸ್ತಿಪತ್ರ ಪಡೆದವರ ಆಸಕ್ತಿ ಹಾಗೆ ಕುಗ್ಗಲಿಲ್ಲ. ಅವರು ಪುಟ್ಟ ಮಕ್ಕಳು, ನಮ್ಮವರು ಪರೀಕ್ಷೆ ಬರೆದವರು, ವ್ಯತ್ಯಾಸವಿದೆ. ಆದರೂ ಮುಂದೆ ಎರಡು ವರ್ಷ ಪಿಯುಸಿ ಓದಬೇಕಾದವರಿಗೆ ಓದನ್ನೇ ವ್ಯಾಪಾರ ಮಾಡಿ ತೋರಿಸುವುದು ನನಗೆ ಸರಿಕಾಣುವುದಿಲ್ಲ. ಫಲಿತಾಂಶ ಬಂದ ಮೇಲೆ ಮನಸಾರೆ ಕೊಡಿ, ಮೊದಲೇ ಷರತ್ತು ಹಾಕಬೇಡಿ.

“ಕೇಳಿ ಕೊಟ್ಟರೆ ಅದು ಉಡುಗೊರೆಯೇ ಅಲ್ಲ”

ಫ್ರಾನ್ಸೆಸ್ಕಾ ಜಿನೋ ಮತ್ತು ಫ್ರಾನ್ಸಿಸ್ ಫ್ಲಿನ್ 2011ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತದ್ವಿರುದ್ಧ. ತಾವೇ ಆರಿಸಿ ಕೊಟ್ಟದ್ದಕ್ಕೂ ಅಷ್ಟೇ ಮೆಚ್ಚುಗೆ ಸಿಗುತ್ತದೆಂದು ಕೊಡುವವರು ಅಂದುಕೊಂಡಿರುತ್ತಾರೆ. ಪಡೆಯುವವರಿಗೆ ಮಾತ್ರ ತಾವು ಬಯಸಿ ಹೇಳಿದ್ದು ಸಿಕ್ಕಾಗಲೇ ಹೆಚ್ಚು ಸಂತೋಷ.

ಆದರೆ “ಏನು ಬೇಕೋ?” ಎಂದು ನೇರವಾಗಿ ಕೇಳಿದರೆ ನಮ್ಮ ಮಕ್ಕಳ ಬಾಯಲ್ಲಿ ಬರುವುದು “ಏನೂ ಬೇಡ ಮಾವ” ಒಂದೇ. ಅದಕ್ಕೆ ಬೇರೆ ದಾರಿಯಲ್ಲಿ ಕೇಳಬೇಕು. ಯಾವ ಕಾಲೇಜು, ಯಾವ ಕಾಂಬಿನೇಷನ್, ಬೆಳಿಗ್ಗೆ ಎಷ್ಟು ಗಂಟೆಯ ಬಸ್ಸು, ಪುಸ್ತಕ ಬಂತಾ? ಉತ್ತರದಲ್ಲೇ ಉಡುಗೊರೆ ಸಿಗುತ್ತದೆ. ಪಿಯು ವಿಜ್ಞಾನದವರಿಗೆ ಭೌತ, ರಸಾಯನ, ಗಣಿತ, ಜೀವಶಾಸ್ತ್ರದ ಎನ್‌ಸಿಇಆರ್‌ಟಿ ಪುಸ್ತಕಗಳೇ ಪಠ್ಯ. ಹುಡುಗಿಯರಿಗೆ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ಸು ಉಚಿತ. ಹುಡುಗರು ವಿದ್ಯಾರ್ಥಿ ಪಾಸಿಗೆ ದುಡ್ಡು ಕಟ್ಟಬೇಕು. ಆ ದುಡ್ಡು ಕಟ್ಟಿಕೊಟ್ಟರೆ ಅದೂ ಉಡುಗೊರೆ. ಕಾಲೇಜು ಶುರುವಾಗುವುದೂ ಮಳೆ ಹಿಡಿಯುವುದೂ ಹೆಚ್ಚುಕಡಿಮೆ ಒಟ್ಟಿಗೇ, ಹಾಗಾಗಿ ಒಳ್ಳೆಯ ರೈನ್‌ಕೋಟ್ ಎಂದೂ ಮೂಲೆ ಸೇರುವುದಿಲ್ಲ. ಸೈಂಟಿಫಿಕ್ ಕ್ಯಾಲ್ಕುಲೇಟರ್ ಡಿಪ್ಲೊಮಾ ಸೇರುವವರಿಗೆ ಕೊಡಿ. ಸಿಇಟಿ, ನೀಟ್ ಬರೆಯುವ ಕೊಠಡಿಯೊಳಗೆ ಅದನ್ನು ಬಿಡುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಇಂಗ್ಲಿಷಿನಲ್ಲಿ ವಿಜ್ಞಾನಕ್ಕೆ ಸೇರುವವರ ಕಷ್ಟ ಬೇರೆಯೇ. ನಿನ್ನೆಯವರೆಗೆ ದ್ಯುತಿಸಂಶ್ಲೇಷಣೆ ಎಂದು ಬರೆದು ಅಂಕ ತೆಗೆದ ಹುಡುಗಿ ಇಂದು ಫೋಟೋಸಿಂಥೆಸಿಸ್ ಎಂಬುದನ್ನು ಹೊಸ ಪಾಠವೆಂದುಕೊಂಡು ಹೆದರುತ್ತಾಳೆ. ಮೊದಲ ಕೆಲವು ತಿಂಗಳಲ್ಲಿ ಎದೆಗುಂದುವುದು ಇಂಥ ಜಾಣ ಮಕ್ಕಳೇ. ಜಿ. ವೆಂಕಟಸುಬ್ಬಯ್ಯನವರ ಇಂಗ್ಲಿಷ್–ಕನ್ನಡ ನಿಘಂಟು ಕೈಯಲ್ಲಿದ್ದು, ಗೊತ್ತಾದ ಪದವನ್ನು ಪಠ್ಯದ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದುಕೊಳ್ಳುವ ಅಭ್ಯಾಸವಾದರೆ ಆ ಹೆದರಿಕೆ ಕಡಿಮೆಯಾಗುತ್ತದೆ. ಈ ಭಾಗದ ಮಕ್ಕಳಿಗೆ ಒಂದೇ ಒಂದನ್ನು ಕೊಡಿ ಎಂದರೆ ನಾನು ಆ ನಿಘಂಟನ್ನೇ ಹೇಳುತ್ತೇನೆ.

“ಹೆಣ್ಣುಮಗು ಪಾಸಾಯಿತು, ಸುಕನ್ಯಾ ಸಮೃದ್ಧಿ ಖಾತೆ ಮಾಡಿಸೋಣ”

ಆಗುವುದಿಲ್ಲ, ಹತ್ತು ವರ್ಷ ತುಂಬುವುದರೊಳಗೆ ತೆರೆದಿರಬೇಕು. ಆದರೆ ಚಿಕ್ಕಂದಿನಲ್ಲೇ ತೆರೆದಿದ್ದರೆ, ಹತ್ತನೇ ತರಗತಿ ಪಾಸಾದ ಮೇಲೆ ಓದಿನ ಖರ್ಚಿಗೆ ಹಿಂದಿನ ಆರ್ಥಿಕ ವರ್ಷದ ಕೊನೆಗಿದ್ದ ಮೊತ್ತದ ಅರ್ಧದವರೆಗೆ ತೆಗೆಯಬಹುದು. ಹದಿನೆಂಟರವರೆಗೆ ಕಾಯಬೇಕೆಂದುಕೊಂಡು ಸಾಲಕ್ಕೆ ಓಡಬೇಕಿಲ್ಲ.

“ಉಡುಗೊರೆ ಎಂದರೆ ವಸ್ತುವೇ ಆಗಬೇಕು”

ಇದೇ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಮುಂದಿರುವ ಐದನೇ ಶತಮಾನದ ಸ್ತಂಭಶಾಸನ, ಮಯೂರಶರ್ಮ ವೇದಾಧ್ಯಯನಕ್ಕೆಂದು ಗುರು ವೀರಶರ್ಮನ ಜೊತೆ ಕಂಚಿಗೆ ಹೋದದ್ದನ್ನು ಹೇಳುತ್ತದೆ. ಅಷ್ಟು ದೂರದ ಓದಿಗೆ ಹೊರಟವನ ಜೊತೆ ಹಿರಿಯರೊಬ್ಬರಿದ್ದರು. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜಿಗೆ ಹೊರಟ ಮಗುವಿಗೆ ಇಂದಿಗೂ ಅದೇ ಬೇಕು. ನಾಡಕಚೇರಿಯಲ್ಲಿ ಜಾತಿ–ಆದಾಯ ಪ್ರಮಾಣಪತ್ರ, ಕಾಲೇಜಿನಲ್ಲಿ ಅರ್ಜಿ, ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ವಿದ್ಯಾರ್ಥಿವೇತನ, ಅದಕ್ಕೆ ಆಧಾರ್ ಜೋಡಿಸಿದ ಬ್ಯಾಂಕ್ ಖಾತೆ. ಇವುಗಳಿಗೆ ಒಂದು ದಿನ ರಜೆ ಹಾಕಿ ಜೊತೆಗೆ ನಡೆಯುವ ಚಿಕ್ಕಪ್ಪನ ಉಡುಗೊರೆಗೆ ಬೆಲೆ ಕಟ್ಟಲಾಗದು. ಮುಯ್ಯಿಯ 501 ರೂಪಾಯಿಯನ್ನೂ ಆ ಖಾತೆಗೇ ಹಾಕಿದರಾಯಿತು.

“ಮೊದಲ ಸಲ ಪಾಸಾದವರಿಗೆ ಮಾತ್ರ ಉಡುಗೊರೆ”

ಬೇಸಿಗೆಯಲ್ಲಿ ಸಮುದಾಯ ಭವನಗಳಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಹೆಚ್ಚು ಅಂಕದವರಿಗೆ ಶಾಲು, ಹಾರ, ಸ್ಮರಣಿಕೆ. ಅವರು ಅದಕ್ಕೆ ಅರ್ಹರೇ. ಆದರೆ 2024ರಿಂದ ಎಸ್ಸೆಸ್ಸೆಲ್ಸಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ. ಪೂರಕ ಪರೀಕ್ಷೆ ಎಂಬ ಹೆಸರೇ ಹೋಗಿದೆ, ಅವುಗಳಲ್ಲಿ ಎಲ್ಲಿ ಹೆಚ್ಚು ಅಂಕ ಬಂತೋ ಅದನ್ನೇ ಉಳಿಸಿಕೊಳ್ಳಬಹುದು. ಪರೀಕ್ಷೆ 2ರಲ್ಲಿ ಗಣಿತ ಗೆದ್ದ ಹುಡುಗನ ಫಲಿತಾಂಶ ಬರುವ ಹೊತ್ತಿಗೆ ಬೇಸಿಗೆ ರಜೆಗೆ ಬಂದ ನೆಂಟರು ಊರು ಬಿಟ್ಟಿರುತ್ತಾರೆ, ಯಾರೂ ಫೋನು ಮಾಡುವುದಿಲ್ಲ. ನಿಮ್ಮ ನೆಂಟರಲ್ಲಿ ಅಂಥವರಿದ್ದರೆ ಅವರ ಫಲಿತಾಂಶದ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಿ, ಅವರ ಮನೆಗೂ ಸಿಹಿ ಹಿಡಿದು ಹೋಗಿ.