ಅಗಿಯಬೇಡಿ, ಕರಗಲು ಬಿಡಿ!

ಪುದುಚೇರಿಗೆ ಹೋದವರೆಲ್ಲ ಬೀಚ್, ಹಳದಿ ಗೋಡೆ, ಬೋಗನ್‌ವಿಲ್ಲಾ ಬಳ್ಳಿಯ ಮುಂದೆ ಫೋಟೊ ತೆಗೆಸಿಕೊಂಡು ಬರುತ್ತಾರೆ. ಸೆಮಿಸ್ಟರ್ ರಜೆಯಲ್ಲಿ ಹೋಗಿದ್ದ ನಾವು ನಾಲ್ವರು ಗೆಳತಿಯರೂ ಅದನ್ನೇ ಮಾಡಿದೆವು. ಒಂದು ಸಂಜೆಯನ್ನು ಮಾತ್ರ ಚಾಕೊಲೇಟಿಗೆ ಮೀಸಲಿಟ್ಟೆವು. ಹಳೆಯ ವೈಟ್ ಟೌನ್‌ನಲ್ಲಿ ಸುತ್ತುತ್ತಾ ಅಲ್ಲಲ್ಲಿ ನಿಂತು ಚಾಕೊಲೇಟ್ ರುಚಿ ನೋಡುವ ನಡಿಗೆ ಅದು. ಎರಡು ಗಂಟೆ, ಆರು ತುಂಡು ಚಾಕೊಲೇಟ್, ಕತೆ ಹೇಳಲು ಒಬ್ಬರು ಮಾರ್ಗದರ್ಶಕಿ. ಅವರ ಹೆಗಲಲ್ಲಿ ಒಂದು ಥರ್ಮೊಕೋಲ್ ಪೆಟ್ಟಿಗೆ. ಅದಿಲ್ಲದಿದ್ದರೆ ಅಲ್ಲಿನ ಸೆಕೆಗೆ ನಮಗೆ ಸಿಗುತ್ತಿದ್ದುದು ಚಾಕೊಲೇಟ್ ಪಾಯಸವೇ!

ಫ್ರೆಂಚರು ಇಲ್ಲಿ ನೆಲೆಯೂರಿದ್ದು 1674ರಲ್ಲಿ. ಆಡಳಿತ ಭಾರತದ ಕೈಗೆ ಬಂದದ್ದು 1954ರ ನವೆಂಬರ್ 1ರಂದು. ಊರಿನ ನಡುವೆ ದೊಡ್ಡ ಕಾಲುವೆ. ಸಮುದ್ರದ ಕಡೆಗೆ ಫ್ರೆಂಚರ ಎತ್ತರದ ಗೋಡೆಯ ಬಂಗಲೆಗಳು, ಆಚೆಗೆ ನಮ್ಮ ಜಗಲಿಯಂತಹ ತಿಣ್ಣೆಗಳಿರುವ ತಮಿಳರ ಮನೆಗಳು. ಬೀದಿಗಳಿಗೆ ಇಂದಿಗೂ ರೂ ಸುಫ್ರೆನ್, ರೂ ದ್ಯುಮಾ ಎಂಬ ಹೆಸರುಗಳಿವೆ. ‘ರೂ’ ಅಂದರೆ ಫ್ರೆಂಚ್‌ನಲ್ಲಿ ಬೀದಿ.

ಮೊದಲ ತುಂಡು ಕೈಗಿಡುತ್ತಲೇ ಬಂತು ಆದೇಶ: “ಯಾರೂ ಅಗಿಯಬೇಡಿ.” ಮೊದಲು ಮುರಿದು ಕಿವಿಗೊಡಬೇಕು. ಹದವಾಗಿ ತಯಾರಾದದ್ದು ‘ಟಪ್’ ಎನ್ನುತ್ತದೆ. ಕೊಕ್ಕೋ ಬೆಣ್ಣೆಯನ್ನು ಕರಗಿಸಿ, ತಣಿಸಿ, ಮತ್ತೆ 31-32 ಡಿಗ್ರಿಗೆ ತಂದಾಗ ಅದರ ಹರಳುಗಳು ಬಿಗಿಯಾಗಿ ಜೋಡಣೆಯಾಗುತ್ತವೆ. ಸದ್ದು, ಹೊಳಪು ಎರಡೂ ಅದರಿಂದಲೇ. ಆಮೇಲೆ ಮೂಸಿ, ನಾಲಿಗೆಯ ಮೇಲಿಟ್ಟು ಸುಮ್ಮನಿರಬೇಕು. ನಮ್ಮ ಮೈ ಬಿಸಿಗಿಂತ ತುಸು ಕಡಿಮೆ ಬಿಸಿಯಲ್ಲೇ ಅದು ಕರಗುತ್ತದೆ. ಮೊದಲು ಕಹಿ, ಬಳಿಕ ಹುಳಿ, ಕೊನೆಗೆ ಒಣದ್ರಾಕ್ಷಿಯಂತಹ ಸಿಹಿ! ಐದು ರೂಪಾಯಿಯ ಚಾಕೊಲೇಟನ್ನು ಎರಡೇ ಸೆಕೆಂಡಿಗೆ ನುಂಗುವ ನಮಗೆ ಇದು ಹೊಸ ಪಾಠ.

ಮೂರನೇ ಅಂಗಡಿಯಲ್ಲಿ ನನ್ನ ಕಣ್ಣು ಹೊದಿಕೆಗಳ ಮೇಲೆ ಬಿತ್ತು. ಒಂದರಲ್ಲಿ ‘ಇಡುಕ್ಕಿ’, ಇನ್ನೊಂದರಲ್ಲಿ ‘ಪೊಳ್ಳಾಚಿ’. ಕಾಫಿಗೆ ಚಿಕ್ಕಮಗಳೂರು ಇದ್ದ ಹಾಗೆ ಚಾಕೊಲೇಟಿಗೂ ಊರಿನ ಹೆಸರು. ಸಮೀಪದ ಆರೋವಿಲ್‌ನಲ್ಲಿ 2014ರಲ್ಲಿ ಶುರುವಾದ ಮೇಸನ್ ಅಂಡ್ ಕೋ ಸೇರಿದಂತೆ, ಬೀಜದಿಂದ ಬಾರ್‌ವರೆಗೆ ಎಲ್ಲವನ್ನೂ ತಾವೇ ಮಾಡುವ ಸಣ್ಣ ತಯಾರಕರು ಈಗ ದಕ್ಷಿಣ ಭಾರತದಲ್ಲಿ ಹಲವರಿದ್ದಾರೆ. “ಪುತ್ತೂರು ಇದೆಯಾ?” ಎಂದು ಕೇಳಿದೆ. ಆ ಕಪಾಟಿನಲ್ಲಿ ಇರಲಿಲ್ಲ.

ಕೇಳಿದ್ದಕ್ಕೆ ಕಾರಣವಿದೆ. ನಮ್ಮ ಮನೆ ಪುತ್ತೂರಿನ ಹತ್ತಿರ. ಅಡಿಕೆ ಮರಗಳ ನೆರಳಲ್ಲಿ ಅಜ್ಜ ನೆಟ್ಟ ಕೊಕ್ಕೋ ಗಿಡಗಳಿವೆ. ಪುತ್ತೂರಿನಲ್ಲೇ 1986ರಿಂದ ಕ್ಯಾಂಪ್ಕೊ ಚಾಕೊಲೇಟ್ ಕಾರ್ಖಾನೆಯೂ ಇದೆ. ಹಸಿ ಬೀಜಕ್ಕೇ ಮಾರುಕಟ್ಟೆ ಇರುವುದರಿಂದ ನಾವು ಕಾಯಿ ಒಡೆದ ದಿನವೇ ಬೀಜ ಮಾರಿಬಿಡುತ್ತೇವೆ. ಜಾಗತಿಕ ದರ 2024ರಲ್ಲಿ ಟನ್ನಿಗೆ 10,000 ಡಾಲರ್ ದಾಟಿದಾಗ ಮನೆಯಲ್ಲೆಲ್ಲ ಖುಷಿ. ದರ ಇಳಿದ ಮೇಲೆ, ಮಂಗ, ಅಳಿಲುಗಳ ಕಾಟಕ್ಕೆ ಬೇಸತ್ತ ಅಪ್ಪ ಗಿಡಗಳನ್ನೇ ಕಡಿಸುವ ಮಾತಾಡುತ್ತಿದ್ದಾರೆ.

ಮಾರ್ಗದರ್ಶಕಿ ಹೇಳಿದ ಒಂದು ವಿಷಯ ಅದಕ್ಕೇ ನನ್ನನ್ನು ಹಿಡಿದು ನಿಲ್ಲಿಸಿತು. ಚಾಕೊಲೇಟಿನ ಪರಿಮಳ ಹುಟ್ಟಲು ಶುರುವಾಗುವುದು ಕಾರ್ಖಾನೆಯಲ್ಲಲ್ಲ, ಬೀಜವನ್ನು ಹುಳಿ ಬರಿಸುವ ಪೆಟ್ಟಿಗೆಯಲ್ಲಿ. ಲೋಳೆಸಹಿತ ಬೀಜವನ್ನು ಮರದ ಪೆಟ್ಟಿಗೆಗೆ ತುಂಬಿ, ಬಾಳೆ ಎಲೆ ಮುಚ್ಚಿ, ನಡುನಡುವೆ ಮಗುಚುತ್ತಾ ಐದಾರು ದಿನ ಇಡಬೇಕು. ಒಳಗಿನ ಬಿಸಿ 45 ಡಿಗ್ರಿ ಮೀರುತ್ತದೆ. ಇದು ಸರಿಯಾಗದಿದ್ದರೆ ಎಷ್ಟು ಹುರಿದರೂ ಆ ರುಚಿ ಬಾರದು. ಹದವಾಗಿ ಹುಳಿ ಬಂದು ಒಣಗಿದ ಬೀಜಕ್ಕೆ ಸಣ್ಣ ತಯಾರಕರು ಹೆಚ್ಚು ಬೆಲೆ ಕೊಡುತ್ತಾರಂತೆ.

ತೊಡಕೂ ಇದೆ. ಬೀಜದ ರಾಶಿ ಚಿಕ್ಕದಾದರೆ ಬಿಸಿ ನಿಲ್ಲುವುದಿಲ್ಲ. ನಮ್ಮಲ್ಲಿ ಒಂದು ಕೊಯ್ಲಿಗೆ ಸಿಗುವುದು 20 ಕಿಲೊ. ಅಷ್ಟರಲ್ಲಿ ನನ್ನ ದೃಷ್ಟಿ ಮತ್ತೆ ಆ ಥರ್ಮೊಕೋಲ್ ಪೆಟ್ಟಿಗೆಯತ್ತ ಹೋಯಿತು. ತಂಪನ್ನು ಕಾಯುವ ಪೆಟ್ಟಿಗೆ ಬಿಸಿಯನ್ನೂ ಕಾಯಬೇಕಲ್ಲ?

ರಾತ್ರಿ ರೂಮಿನಲ್ಲಿ ಇದೇ ಚರ್ಚೆ. ಮರದ ಪೆಟ್ಟಿಗೆಗೆ ಹೊರಗಿನಿಂದ ಥರ್ಮೊಕೋಲ್ ಕವಚ, ಒಳಗೆ ತಾಪಮಾನದ ಸೆನ್ಸರ್, ಮಗುಚುವ ಹೊತ್ತಿಗೆ ಮೊಬೈಲಿಗೆ ಸಂದೇಶ. ನಮ್ಮ ಮಿನಿ ಪ್ರಾಜೆಕ್ಟ್ ಅದೇ ಎಂದು ನಿರ್ಧಾರವಾಯಿತು. ಅಪ್ಪನಿಗೆ ಫೋನ್ ಮಾಡಿದೆ. “20 ಕಿಲೊ ಹಾಳಾದರೂ ತೊಂದರೆಯಿಲ್ಲ, ಮಾಡಿ ನೋಡು. ಗಿಡ ಕಡಿಸುವುದು ಮುಂದಿನ ವರ್ಷಕ್ಕಿರಲಿ” ಎಂದರು.

ಮಳೆಗಾಲ ಮುಗಿದ ಮೇಲಿನ ಕೊಯ್ಲಿಗೆ ಪೆಟ್ಟಿಗೆ ತಯಾರಾಗಬೇಕು. ಅಂದ ಹಾಗೆ, ಆ ನಡಿಗೆಯ ಆರನೇ ತುಂಡನ್ನು ನಾನು ತಿನ್ನದೆ ಕಟ್ಟಿಸಿಕೊಂಡು ಬಂದೆ. 40 ವರ್ಷದಿಂದ ಕೊಕ್ಕೋ ಕೊಯ್ದು ಗೊತ್ತಿರುವ ಅಪ್ಪ ಕಪ್ಪು ಚಾಕೊಲೇಟ್ ಬಾಯಿಗಿಟ್ಟದ್ದು ಅದೇ ಮೊದಲು. ಮುಖ ಹಿಂಡಿದರು, ಆದರೆ ಉಗುಳಲಿಲ್ಲ.